ಗಾಲ್ಫ್ ಎಂಕೆ2: ಕೂಲಿಂಗ್ ಫ್ಯಾನ್ ಸ್ವಿಚ್ ಕೆಲಸ ಎಲ್ಲಿಗೆ ಬಂತು

ಕಾರು: ಫೋಕ್ಸ್‌ವ್ಯಾಗನ್ ಗಾಲ್ಫ್, ಎರಡನೇ ತಲೆಮಾರು (1983–92), ಎರಡು ವೇಗದ ಫ್ಯಾನ್. ದೂರು: ನಿಧಾನ ವೇಗ ಬರುವುದೇ ಇಲ್ಲ, ತಾಪಮಾನದ ಮುಳ್ಳು ಮೇಲೇರಿದ ಮೇಲೆ ಫ್ಯಾನ್ ಒಮ್ಮೆಲೇ ಅಬ್ಬರಿಸುತ್ತದೆ.

ದಿನ 1
ಬಿಸಿ ಏರಿದಾಗ ಫ್ಯಾನ್ ಅನ್ನು ತಾನಾಗಿ ಹತ್ತಿಸುವ ಸ್ವಿಚ್‌ನ ಮೂರು ಪಿನ್ ಸಾಕೆಟ್ ಕಿತ್ತು, ಕರೆಂಟ್ ಬರುವ ಪಿನ್ ಅನ್ನು ಉಳಿದೆರಡಕ್ಕೆ ಒಂದೊಂದಾಗಿ ತಂತಿಯಿಂದ ಸೇರಿಸಿದಾಗ ಎರಡೂ ವೇಗ ಬಂದವು. ಮೋಟಾರ್, ಫ್ಯೂಸ್, (ವೇಗ ತಗ್ಗಿಸುವ) ರೆಸಿಸ್ಟರ್ ಸರಿ ಇವೆ. (ಬೆರಳು ಜೋಪಾನ: ಇಲ್ಲಿ ಕೀ ಕಿತ್ತರೂ ಫ್ಯಾನ್ ತಿರುಗುತ್ತದೆ.) ಹಾಗೆಂದು ಸ್ವಿಚ್ ಮೇಲೆ ತಪ್ಪು ಹೊರಿಸಲು ಅವಸರ ಬೇಡ. ಅದು ಕೂತಿರುವುದು ರೇಡಿಯೇಟರ್‌ನಲ್ಲಿ. ಇಂಜಿನ್ ಬಿಸಿ ಅದಕ್ಕೆ ನೇರವಾಗಿ ಗೊತ್ತಾಗುವುದಿಲ್ಲ. ಥರ್ಮೋಸ್ಟಾಟ್ (ಬಿಸಿ ದ್ರವವನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ಮುಚ್ಚಿಕೊಂಡು ಸಿಕ್ಕಿಬಿದ್ದರೆ ಇಂಜಿನ್ ಕುದಿಯುತ್ತಿದ್ದರೂ ರೇಡಿಯೇಟರ್ ತಣ್ಣಗೇ ಇರುತ್ತದೆ. ಇಲ್ಲಿ ಎರಡೂ ಹೋಸ್ ಬಿಸಿಯಾದವು, ಆದ್ದರಿಂದ ಮುಂದಿನ ಹಂತ.

ದಿನ 2
ಇಂಜಿನ್ ತಣ್ಣಗಾದ ಮೇಲೆ ಕೂಲೆಂಟ್ (ಇಂಜಿನ್ ತಂಪಾಗಿಸುವ ದ್ರವ) ಇಳಿಸಿ, 29 ಎಂಎಂ ಸ್ಪ್ಯಾನರ್‌ನಿಂದ ಸ್ವಿಚ್ ಬಿಚ್ಚಿದ್ದಾಯಿತು. ಥ್ರೆಡ್ ಎಂ22×1.5. ಸ್ವಿಚ್‌ಗೆ ಇರಬೇಕಾದ ಅಳತೆ: ಮೊದಲ ಹಂತ (ನಿಧಾನ ವೇಗ) 92–97 ಡಿಗ್ರಿಗೆ ಆನ್, 84–91ಕ್ಕೆ ಆಫ್. ಎರಡನೆಯದು (ಜೋರು ವೇಗ) 99–105ಕ್ಕೆ ಆನ್, 91–98ಕ್ಕೆ ಆಫ್. ಆನ್-ಆಫ್ ನಡುವಿನ ಅಂತರ ಬೇಕೆಂದೇ ಇಟ್ಟದ್ದು. ಇಲ್ಲದಿದ್ದರೆ ಫ್ಯಾನ್ ಕ್ಷಣಕ್ಕೊಮ್ಮೆ ಹತ್ತಿ ಆರುತ್ತದೆ.

ಬಿಚ್ಚಿದ ಸ್ವಿಚ್ ಅನ್ನು ಪಾತ್ರೆಯ ದ್ರವದಲ್ಲಿ ಕಾಯಿಸುತ್ತಾ, ಪಿನ್‌ಗಳಿಗೆ ಮೀಟರ್ ಹಿಡಿದು ಪರೀಕ್ಷಿಸುವುದು. ಬರೀ ನೀರಿನಲ್ಲಿ ಪರೀಕ್ಷಿಸುವವರಿಗೆ ಒಂದು ಮಾತು: ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಎರಡನೇ ಹಂತ ಒಳ್ಳೆಯದಿದ್ದರೂ ಸತ್ತಂತೆ ಕಾಣುತ್ತದೆ. 60 ಪಾಲು ನೀರು ಬೆರೆಸದ ಕೂಲೆಂಟ್, 40 ಪಾಲು ನೀರು ಹಾಕಿ. ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ವಿಷ. ಸ್ವಿಚ್ ಪಾತ್ರೆಯ ತಳಕ್ಕೆ ತಾಗಬಾರದು, ಪಿನ್‌ಗಳು ಮುಳುಗಬಾರದು.

ಮೊದಲ ಹಂತ 95ಕ್ಕೆ ಆನ್ ಆಯಿತು, ಮೀಟರ್ ಬೀಪ್ ಕೂಡ ಅಂದಿತು. ಆದರೆ ಓಮ್ಸ್‌ನಲ್ಲಿ ನೋಡಿದರೆ 3 ಓಮ್ ರೋಧ ಉಳಿದಿತ್ತು! ಫ್ಯಾನ್‌ನ ಪೂರ್ತಿ ಕರೆಂಟ್ ಈ ಪುಟ್ಟ ಕಾಂಟ್ಯಾಕ್ಟ್ ಮೂಲಕವೇ ಹರಿಯುವುದರಿಂದ ಅದು ಸುಟ್ಟು ಕರಿಗಟ್ಟುತ್ತದೆ. ಆಮೇಲೆ 12 ವೋಲ್ಟ್‌ನ ಬಹುಪಾಲು ಅಲ್ಲೇ ಇಂಗಿ, ಮೋಟಾರ್‌ಗೆ ತಿರುಗುವಷ್ಟು ಸಿಗುವುದಿಲ್ಲ. ಬೀಪ್ ನಂಬಿ ಕೂತಿದ್ದರೆ ಸ್ವಿಚ್ ಪಾಸಾಗುತ್ತಿತ್ತು.

ದಿನ 3
ಹೊಸ ಸ್ವಿಚ್, ಹೊಸ ವಾಷರ್. ರೇಡಿಯೇಟರ್‌ನ ಪಕ್ಕದ ಟ್ಯಾಂಕ್ ಪ್ಲಾಸ್ಟಿಕ್, ಬಿಗಿಯುವಾಗ ಬಲ ಹಾಕಬಾರದು. ಹಂತಕ್ಕೊಂದರಂತೆ ಎರಡು ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಹತ್ತಿಸುವ ಸ್ವಿಚ್): ಸ್ವಿಚ್‌ನಿಂದ ರಿಲೇಯ 86ನೇ ಪಿನ್‌ಗೆ, ಅರ್ತ್‌ಗೆ 85ನೇ ಪಿನ್, ಬ್ಯಾಟರಿಯಿಂದ 30 ಆಂಪ್ ಫ್ಯೂಸ್ ಮೂಲಕ 30ನೇ ಪಿನ್‌ಗೆ, ಫ್ಯಾನ್‌ಗೆ 87ನೇ ಪಿನ್. ದಪ್ಪ ವೈರ್ 4 ಚದರ ಎಂಎಂ. ಇನ್ನು ಸ್ವಿಚ್ ಹೊರುವುದು ರಿಲೇ ಕಾಯಿಲ್‌ನ ಅರ್ಧ ಆಂಪ್‌ಗೂ ಕಡಿಮೆ ಕರೆಂಟ್ ಮಾತ್ರ.

ಕೂಲೆಂಟ್ ತುಂಬಿ ಗಾಳಿ ತೆಗೆದ ಮೇಲೆ ನಿಧಾನ ವೇಗ ತಾನಾಗಿಯೇ ಹತ್ತಿ ಆರಿತು. ಹಳೇ ಸಾಕೆಟ್‌ನ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕರಗಿದೆ. ಅದನ್ನು ಬದಲಿಸುವುದು ಬಾಕಿ.