ವಿಮಾನ ಇರುವಾಗ ಹಡಗು ಯಾಕೆ?

"ಅಲ್ಲ ಅಕ್ಕ, ವಿಮಾನ ಇಲ್ವಾ? ಈ ವಯಸ್ಸಲ್ಲಿ ಹಡಗು ಯಾಕೆ ಬೇಕಿತ್ತು?"

ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಯಾರು ಸಿಕ್ಕಿದರೂ ಕೇಳುವ ಪ್ರಶ್ನೆ ಇದೊಂದೇ. ಇವರಿಗೂ ನನಗೂ ನಿವೃತ್ತಿಯಾಗಿದೆ. ಮಂಗಳೂರಿನಿಂದ ರೈಲಿನಲ್ಲಿ ಕೊಚ್ಚಿಗೆ ಹೋಗಿ, ಅಲ್ಲಿ ಹಡಗು ಹತ್ತಿ, ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿಕೊಂಡು ನಿಧಾನವಾಗಿ ವಾಪಸ್ ಬಂದೆವು. ಹಗಲು ದ್ವೀಪದಲ್ಲಿ, ರಾತ್ರಿ ನಿದ್ದೆ ಹಡಗಿನಲ್ಲೇ.

ಚಿಕ್ಕ ಉತ್ತರ ಹೀಗಿದೆ: ವಿಮಾನ ಇಳಿಯುವುದು ಅಗತ್ತಿ ದ್ವೀಪದಲ್ಲಿ ಮಾತ್ರ. ಲಕ್ಷದ್ವೀಪದಲ್ಲಿ ಒಟ್ಟು 36 ದ್ವೀಪ, ಜನ ಇರುವುದು 10ರಲ್ಲಿ, ಎಲ್ಲಾ ಸೇರಿದರೂ ನೆಲ 32 ಚದರ ಕಿಲೋಮೀಟರ್ ಅಷ್ಟೇ. ಅವುಗಳ ನಡುವೆ ಇರುವುದೆಲ್ಲ ಸಮುದ್ರ. ಕೊಚ್ಚಿಯಿಂದ ಹತ್ತಿರದ್ದು 220 ಕಿ.ಮೀ., ದೂರದ್ದು 440. ಹಡಗಿಗೆ 14ರಿಂದ 18 ಗಂಟೆ ಬೇಕು.

ಆದರೆ ವಿಮಾನ ಹತ್ತೂ ದ್ವೀಪಕ್ಕೆ ಇದ್ದಿದ್ದರೂ ನಾನು ಹಡಗನ್ನೇ ಆರಿಸುತ್ತಿದ್ದೆ. ಕಾರಣ ಆ ಹಡಗಿನಲ್ಲಿದ್ದ ಜನ. ನಮ್ಮ ಹಾಗೆ ಸುಮ್ನೆ ಸುತ್ತಾಡಲು ಬಂದವರು ಸ್ವಲ್ಪ ಮಂದಿ. ಉಳಿದವರೆಲ್ಲ ಮನೆಗೆ ಹೊರಟವರು. ಕಾಲೇಜಿನ ಹುಡುಗರು, ಬಾಣಂತಿ, ಅವಳ ಅಮ್ಮ, ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆಗಳು. ಡೆಕ್ಕಿನಲ್ಲಿ ನನ್ನ ಪಕ್ಕ ಕೂತಿದ್ದವರು ಕಲ್ಪೇನಿಯ ಒಬ್ಬ ಅಮ್ಮ. ಎರ್ನಾಕುಲಂನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ವಾಪಸ್ ಹೊರಟಿದ್ದರು. ನನ್ನ ಕಾಸರಗೋಡಿನ ಮಲಯಾಳಕ್ಕೂ ಅವರ ದ್ವೀಪದ ಮಲಯಾಳವಾದ ಜೆಸೆರಿಗೂ ಅಷ್ಟಿಷ್ಟು ಹೊಂದಿಕೆಯಾಯಿತು. "ಡಾಕ್ಟರು ಮುಂದಿನ ವಾರ ಬನ್ನಿ ಅಂತಾರೆ. ನಾವು ಮೊದಲು ಹಡಗಿನ ಪಟ್ಟಿ ನೋಡ್ತೇವೆ" ಅಂದರು. ಮದುವೆ, ಪರೀಕ್ಷೆ, ಔಷಧಿ ಎಲ್ಲವೂ ಹಡಗಿನ ದಿನ ನೋಡಿಕೊಂಡೇ. ಅವರ ಪಕ್ಕ ಒಂದು ರಾತ್ರಿ ಕಳೆಯದೆ ನಾನು ಲಕ್ಷದ್ವೀಪ ನೋಡಿದೆ ಅಂದರೆ ಅದು ಅರ್ಧ ಮಾತು.

ನಮಗೆ ಮಂಗಳೂರಿನವರಿಗೆ ಇನ್ನೂ ಒಂದು ಕಾರಣ ಇದೆ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದು ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದಕ್ಕೂ ಮೊದಲು ಟಿಪ್ಪುವಿನ ಕೈಯಲ್ಲಿದ್ದವು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಗೆ ಹೋದವು. ಅಲ್ಲಿಯ ಮಂಜಿಗಳು, ಅಂದರೆ ಹಾಯಿ ಹಡಗುಗಳು, ತೆಂಗಿನ ನಾರು, ಕೊಬ್ಬರಿ, ಬೆಲ್ಲ ತಂದು ಇಲ್ಲಿಂದ ಅಕ್ಕಿ ಒಯ್ಯುತ್ತಿದ್ದವು. ಈಗಲೂ ಹಳೆ ಬಂದರಿನ ದಕ್ಕೆಗೆ ಹೋದರೆ ಲಕ್ಷದ್ವೀಪಕ್ಕೆ ಸಾಮಾನು ತುಂಬಿಸುವುದು ಕಾಣುತ್ತದೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಅದೇ ದಿನ ಅವರು ಬೇರೆ ಕೇಂದ್ರಾಡಳಿತ ಪ್ರದೇಶವಾದರು. ನಮ್ಮ ಮಕ್ಕಳಿಗೆ ಇದನ್ನು ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಹೇಳಬೇಕಿತ್ತು.

ಪ್ರಶ್ನೆಯ ಇನ್ನೊಂದು ಅರ್ಧ, "ಈ ವಯಸ್ಸಲ್ಲಿ" ಅನ್ನುವುದು. ಭಯ ಆಗುವ ಜಾಗ ಒಂದೇ ಒಂದು. ಸುತ್ತಲೂ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ಹೆಚ್ಚಿನ ಕಡೆ ದಡಕ್ಕೆ ಬರುವುದಿಲ್ಲ, ಹೊರಗೇ ನಿಲ್ಲುತ್ತದೆ. ಹಡಗಿನ ಪಕ್ಕದಲ್ಲಿ, ನೀರಿಗೆ ಹತ್ತಿರವಾಗಿ ಒಂದು ಬಾಗಿಲು ತೆರೆಯುತ್ತಾರೆ. ಕೆಳಗೆ ಸಣ್ಣ ದೋಣಿ. ಅಲೆ ಬಂದಾಗ ದೋಣಿ ಬಾಗಿಲಿನ ಮಟ್ಟಕ್ಕೆ ಏಳುತ್ತದೆ, ಮರುಕ್ಷಣ ಮೊಣಕಾಲಿಗಿಂತ ಕೆಳಗೆ ಇಳಿಯುತ್ತದೆ. ಹಡಗಿನಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ನಿಂತಿರುತ್ತಾರೆ. ಅವರು ಹಸ್ತ ಹಿಡಿಯುವುದಿಲ್ಲ, ಮೊಣಕೈಯ ಹತ್ತಿರ ತೋಳನ್ನೇ ಗಟ್ಟಿಯಾಗಿ ಹಿಡಿಯುತ್ತಾರೆ. ನೀವು ಹಾರಬೇಕಾಗಿಲ್ಲ, ಹಾರಲೂ ಬಾರದು. ಒಂದು ಅಲೆ ಬಿಡುತ್ತಾರೆ, ಎರಡನೆಯದನ್ನೂ ಬಿಡುತ್ತಾರೆ, ಆಮೇಲೆ ಒಂದು ಸನ್ನೆ. ಆಗ ಸುಮ್ಮನೆ ಒಂದು ಹೆಜ್ಜೆ ಇಡುವುದು, ಅಷ್ಟೇ. ಕಲ್ಪೇನಿಯಲ್ಲಿ ಆ ಅಮ್ಮ ನನಗಿಂತ ಮುಂದೆ ಇಳಿದರು, ಕಣ್ಣಿಗೆ ಹಸಿರು ಪಟ್ಟಿ ಇತ್ತು. ಅವರು ಕೆಳಗೆ ನೋಡಲೇ ಇಲ್ಲ, ತೋಳು ಹಿಡಿದವನ ಮುಖ ನೋಡುತ್ತಾ ಕಾಲಿಟ್ಟರು. ನಾನೂ ಹಾಗೇ ಮಾಡಿದೆ. ಮಂಡಿ ನೋವಿರುವ ಇವರೂ ಆರಾಮಾಗಿ ಇಳಿದರು.

ದಿಬ್ಬ ದಾಟಿ ಒಳಗೆ ಬಂದರೆ ನೀರು ಅಲುಗುವುದೇ ಇಲ್ಲ. ಅಲೆಗಳೆಲ್ಲ ಹವಳಕ್ಕೆ ಬಡಿದು ಹೊರಗೇ ಒಡೆಯುತ್ತವೆ. ದಿಬ್ಬದೊಳಗಿನ ಈ ಶಾಂತ ನೀರು, ಅಂದರೆ ಲಗೂನ್, ಹೆಚ್ಚಿನ ದ್ವೀಪಗಳಲ್ಲಿ ಪಶ್ಚಿಮಕ್ಕೆ ಇದೆ, ಊರು ಪೂರ್ವದ ಅಂಚಿನಲ್ಲಿ. ಈಜು ಬಾರದ ನನ್ನಂಥವರೂ ಎದೆಮಟ್ಟದ ನೀರಿನಲ್ಲಿ ನಿಂತು ಕಾಲ ಬೆರಳು ನೋಡಬಹುದು. ಆದರೆ ಕಲ್ಪೇನಿಯ ಪೂರ್ವ ದಡಕ್ಕೆ ಹೋದರೆ ಬೇರೆಯದೇ ನೋಟ. ಹವಳದ ಬಂಡೆಗಳ ಉದ್ದನೆಯ ರಾಶಿ. 1847ರ ಚಂಡಮಾರುತದಲ್ಲಿ ಸಮುದ್ರ ಎತ್ತಿ ಹಾಕಿದ್ದು. ಅದನ್ನು ನೋಡಿದ ಮೇಲೆ ಆ ಹವಳದ ಗೋಡೆಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಸತ್ತರೆ ದ್ವೀಪಕ್ಕೆ ಬೇರೆ ರಕ್ಷಣೆ ಇಲ್ಲ. ನೀರು ಬಿಸಿಯಾದರೆ ಹವಳ ಬಿಳಿಚಿಕೊಳ್ಳುತ್ತದೆ, 1998ರಲ್ಲಿ ಇಲ್ಲಿ ಬಹಳಷ್ಟು ಹಾಗೇ ಸತ್ತಿತ್ತು. ದಯವಿಟ್ಟು ಅದರ ಮೇಲೆ ನಿಲ್ಲಬೇಡಿ, ಒಂದು ತುಂಡೂ ತರಬೇಡಿ.

ಕವರತ್ತಿ ರಾಜಧಾನಿ, ಸ್ವಲ್ಪ ಗಲಾಟೆ ಜಾಸ್ತಿ. ಅಲ್ಲಿ ನನಗೆ ಹಿಡಿಸಿದ್ದು ನೀರಿನ ಘಟಕ. 2005ರಲ್ಲಿ ಶುರುವಾದದ್ದು. ಮೇಲಿನ ಬೆಚ್ಚನೆಯ ಸಮುದ್ರದ ನೀರನ್ನು ಗಾಳಿ ತೆಗೆದ ಪಾತ್ರೆಯಲ್ಲಿ ಆವಿ ಮಾಡಿ, ಆಳದ ತಣ್ಣೀರಿನಿಂದ ಆ ಆವಿಯನ್ನು ತಂಪು ಮಾಡಿ ಕುಡಿಯುವ ನೀರು ಮಾಡುತ್ತಾರೆ. ದಿನಕ್ಕೆ 1 ಲಕ್ಷ ಲೀಟರ್.

ಮೂರರಲ್ಲಿ ಯಾವುದು ಇಷ್ಟ ಎಂದರೆ ಮಿನಿಕಾಯ್. ಅಲ್ಲಿಯವರ ಮಾತು ಮಹಲ್, ಮಾಲ್ಡೀವ್ಸಿನ ಭಾಷೆಯೇ. ಲಿಪಿ ಬಲದಿಂದ ಎಡಕ್ಕೆ. 1885ರ ಬಿಳಿ ದೀಪಸ್ತಂಭ ಇನ್ನೂ ಕೆಲಸ ಮಾಡುತ್ತಿದೆ. ಟ್ಯೂನಾ ಹಿಡಿಯುವುದು ಬಲೆಯಿಂದಲ್ಲ, ಗಾಳದ ಕೋಲಿನಿಂದ. ಲಗೂನಿನಲ್ಲಿ ಹಿಡಿದ ಸಣ್ಣ ಮೀನನ್ನು ದೋಣಿಯಲ್ಲಿ ಜೀವಂತ ಇಟ್ಟುಕೊಂಡು ಹೋಗುತ್ತಾರೆ. ಟ್ಯೂನಾ ಗುಂಪು ಕಂಡಾಗ ಅವನ್ನು ಎರಚಿ, ನೀರು ಚಿಮ್ಮಿಸುತ್ತಾರೆ. ಕೊಕ್ಕೆಯ ತುದಿಯಲ್ಲಿ ಮೀನನ್ನು ಕಚ್ಚಿ ಹಿಡಿಯುವ ಹಿಮ್ಮುಖ ಮುಳ್ಳು ಇರುವುದಿಲ್ಲ. ಹಾಗಾಗಿ ಕೋಲು ಹಿಂದಕ್ಕೆ ಎಳೆದ ಕೂಡಲೇ ಮೀನು ತಾನಾಗಿ ಕಳಚಿ ದೋಣಿಯೊಳಗೆ ಬೀಳುತ್ತದೆ, ಗಾಳ ಮತ್ತೆ ನೀರಿಗೆ. ಒಂದೊಂದೇ ಮೀನು. ಅದನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿದರೆ ಮಾಸ್. ಕಟ್ಟಿಗೆಯಷ್ಟು ಗಟ್ಟಿ, ತುರಿದು ತೆಂಗಿನಕಾಯಿ ಜೊತೆ ಕಲಸಿ ತಿನ್ನುತ್ತಾರೆ. ಮೀನು ತಿನ್ನುವವರು ಬಿಡಲೇಬಾರದು.

ನಮ್ಮ ವಯಸ್ಸಿನವರು ಹೊರಡುವುದಾದರೆ ಅಕ್ಟೋಬರ್ ನಂತರ ಹೋಗಿ, ಮೇ ಮಧ್ಯದ ಒಳಗೆ ಮುಗಿಸಿ. ಮಳೆಗಾಲದ ಸಮುದ್ರ ನಮಗಲ್ಲ. ಹೊಟ್ಟೆ ತೊಳಸುವವರಿಗೆ ಹಡಗಿನ ನಡುಭಾಗ ವಾಸಿ, ತುದಿಯಲ್ಲಿ ತೂಗಾಟ ಜಾಸ್ತಿ. ಬಿಪಿ, ಸಕ್ಕರೆ ಮಾತ್ರೆ ಎರಡು ವಾರದ್ದು ಹೆಚ್ಚಿಗೆ ಇಟ್ಟುಕೊಳ್ಳಿ, ಗಾಳಿ ಎದ್ದರೆ ಹಡಗು ತಡವಾಗುತ್ತದೆ. ಮೊದಲು ಮಾಡಬೇಕಾದ್ದು ಪ್ರವೇಶ ಪರವಾನಗಿಯ ಅರ್ಜಿ. ಅದಿಲ್ಲದೆ ಹಡಗು ಹತ್ತಿಸುವುದಿಲ್ಲ, ಪೊಲೀಸ್ ಪ್ರಮಾಣಪತ್ರಕ್ಕೂ ಸಮಯ ಹಿಡಿಯುತ್ತದೆ. ದಸರಾ ಮುಗಿದ ಮೇಲೆ ಹೋಗುವ ಮನಸ್ಸಿದ್ದರೆ ಈಗಲೇ ಶುರು ಮಾಡಿ.