ವಿಡಿಯೋದಲ್ಲಿ ಇಲ್ಲದ ಹತ್ತು ಸೆಕೆಂಡು

2025ರ ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ ನಾವು ಮೂವರೂ ಡ್ಯಾಲಸ್‌ನಿಂದ ಹ್ಯೂಸ್ಟನ್‌ಗೆ ಹೊರಟೆವು. ನಾಲ್ಕು ಗಂಟೆ ದಾರಿ. ಊರು ದಾಟುವ ಮೊದಲೇ ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಕೂಲರ್. ಅದರೊಳಗೆ ಎರಡು ಡಬ್ಬಿ ಮೊಸರನ್ನ. ಸ್ಪರ್ಧೆಯ ಹಿಂದಿನ ರಾತ್ರಿ ಅವಳಿಗೆ ಅದೇ ಆಗಬೇಕು, ಬೇರೇನೂ ಬೇಡ.

ಮಾರನೇ ದಿನ ಅವಳ ಮೊದಲ ಎಲೀಟ್ ಕ್ವಾಲಿಫೈಯರ್, ಅಂದರೆ ಜಿಮ್ನಾಸ್ಟಿಕ್ಸ್‌ನ ಮೇಲಿನ ಹಂತಕ್ಕೆ ಹೋಗಲು ಇಷ್ಟು ಅಂಕ ಅಂತ ಪಡೆಯಬೇಕಾದ ಸ್ಪರ್ಧೆ. ಅಮೆರಿಕದಲ್ಲಿ ಹುಡುಗಿಯರ ಜಿಮ್ನಾಸ್ಟಿಕ್ಸ್‌ಗೆ ಶಾಲೆಯ ತರಗತಿಗಳ ಹಾಗೆ ಒಂದರಿಂದ ಹತ್ತರವರೆಗೆ ಲೆವೆಲ್‌ಗಳಿವೆ. ಹತ್ತರವರೆಗೆ ಬಂದ ತುಂಬಾ ಮಕ್ಕಳ ಕಣ್ಣು ಕಾಲೇಜು ತಂಡದ ಮೇಲಿರುತ್ತದೆ. ಕೆಲವೇ ಮಕ್ಕಳು ಅದನ್ನೂ ದಾಟಿ ಎಲೀಟ್ ಕಡೆ ಹೋಗುತ್ತಾರೆ. 11ರಿಂದ 15 ವರ್ಷದವರು ಜೂನಿಯರ್ ಎಲೀಟ್. 16 ತುಂಬುವ ವರ್ಷದಿಂದ ಸೀನಿಯರ್. ಜೂನಿಯರ್ ರಾಷ್ಟ್ರೀಯ ತಂಡ, 2019ರಲ್ಲಿ ಹಂಗೆರಿಯಲ್ಲಿ ಶುರುವಾದ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್, ಎಲ್ಲದರ ಬಾಗಿಲೂ ಈ ಕಡೆಗೇ ಇದೆ. ನಮ್ಮವಳಿಗೆ ಆಗ 12.

ಹೊರಡುವ ಮೊದಲು ಹಾಸನದಿಂದ ಅಮ್ಮ ಫೋನ್ ಮಾಡಿದ್ದಳು. "ಹತ್ತಕ್ಕೆ ಎಷ್ಟು ತಗೋಬೇಕೋ ಅವಳು?" ಅಂತ ಕೇಳಿದಳು. ಅಮ್ಮನಿಗೆ ಗೊತ್ತಿರುವುದು ನಾದಿಯಾ ಕೊಮನೆಚಿಯ ಹತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹತ್ತಕ್ಕೆ ಹತ್ತು ಬಂದಾಗ ಅದನ್ನು ತೋರಿಸುವುದಕ್ಕೆ ಬೋರ್ಡಿನಲ್ಲಿ ಜಾಗವೇ ಇರಲಿಲ್ಲ, 1.00 ಅಂತ ಬಂತು. ನಾದಿಯಾಗೆ ಆಗ 14. ಇವತ್ತಿನ ನಿಯಮದಲ್ಲಿ ಅವಳು ಒಲಿಂಪಿಕ್ಸ್‌ಗೆ ಹೋಗುವ ಹಾಗೇ ಇಲ್ಲ, ಜೂನಿಯರ್. ಆ ಹತ್ತರ ಗಡಿಯೂ 2006ರಲ್ಲಿ ಹೋಯಿತು. ಈಗ ಎಲೀಟ್‌ನಲ್ಲಿ ಕಷ್ಟಕ್ಕೆ ಒಂದು ಅಂಕ, ಅಚ್ಚುಕಟ್ಟಿಗೆ ಇನ್ನೊಂದು. ಕಷ್ಟದ್ದು ಸೊನ್ನೆಯಿಂದ ಏರುತ್ತಾ ಹೋಗುತ್ತದೆ. ಅಚ್ಚುಕಟ್ಟಿನದು ಹತ್ತರಿಂದ ಇಳಿಯುತ್ತಾ ಬರುತ್ತದೆ. ಮಂಡಿ ಚೂರು ಬಾಗಿದರೆ 0.1, ಜಾಸ್ತಿ ಬಾಗಿದರೆ 0.3. ಬಿದ್ದರೆ ಪೂರ್ತಿ ಒಂದು. ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಕೂಡೋ ಲೆಕ್ಕ ಒಂದು, ಕಳೆಯೋ ಲೆಕ್ಕ ಒಂದು. ಬೀಳದೆ ಇದ್ರೆ ಸಾಕು ಬಿಡು" ಅಂದಳು.

ಇದೆಲ್ಲ ಶುರುವಾದದ್ದು ದೀಪಾ ಕರ್ಮಾಕರ್ ಅವರಿಂದ. 2016ರ ಆಗಸ್ಟ್ 14, ಭಾನುವಾರ. ರಿಯೋ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್. ನಮಗೆ ಮಧ್ಯಾಹ್ನ, ಹಾಸನದಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಅಲ್ಲಿ ಅಮ್ಮ ಟಿವಿ ಮುಂದೆ, ಇಲ್ಲಿ ನನ್ನ ತೊಡೆಯ ಮೇಲೆ ನಾಲ್ಕು ವರ್ಷದ ಮಗಳು. ಅಗರ್ತಲಾದ ಆ ಹುಡುಗಿ ಓಡಿ ಬಂದು ಪ್ರೊಡುನೋವಾ ಹಾಕಿದರು. ಟೇಬಲ್ ಮೇಲೆ ಕೈ ಊರಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ. 15.066 ಅಂಕ, ನಾಲ್ಕನೇ ಸ್ಥಾನ. ಕಂಚು ತಪ್ಪಿದ್ದು 0.15ರಲ್ಲಿ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮಗಳು ಸೋಫಾದ ಕೈ ಮೇಲೆ ಹತ್ತಿ ನಿಂತಿದ್ದಳು. ಮುಂದಿನ ತಿಂಗಳೇ ಜಿಮ್‌ಗೆ ಸೇರಿಸಿದೆವು. ದೀಪಾಗೆ ಚಿಕ್ಕವರಿದ್ದಾಗ ಚಪ್ಪಟೆ ಪಾದ ಇತ್ತಂತೆ. ಕೋಚ್ ಬಿಶ್ವೇಶ್ವರ ನಂದಿ ಅದರ ಮೇಲೆ ವರ್ಷಗಟ್ಟಲೆ ದುಡಿದರು. 2024ರ ಅಕ್ಟೋಬರ್‌ನಲ್ಲಿ ದೀಪಾ ನಿವೃತ್ತಿಯಾದ ಸುದ್ದಿ ಬಂದ ದಿನ ಮಗಳು ಅವರ ಆ ವಾಲ್ಟನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡಿದಳು.

ಹಂಟ್ಸ್‌ವಿಲ್ ಬಂತು. ಹೆದ್ದಾರಿ ಪಕ್ಕ ಸ್ಯಾಮ್ ಹ್ಯೂಸ್ಟನ್‌ನ ದೊಡ್ಡ ಬಿಳಿ ಪ್ರತಿಮೆ, ಅದರಾಚೆ ಪೈನ್ ಮರಗಳ ಕಾಡು. ಅಮೆರಿಕದ ಹುಡುಗಿಯರ ರಾಷ್ಟ್ರೀಯ ತಂಡದ ಕ್ಯಾಂಪ್ ವರ್ಷಾನುಗಟ್ಟಲೆ ನಡೆದ ಕರೋಲಿ ರ‍್ಯಾಂಚ್ ಈ ಕಾಡಿನಲ್ಲೇ ಇತ್ತು. ಅಲ್ಲಿಗೆ ಅಪ್ಪ ಅಮ್ಮಂದಿರನ್ನು ಬಿಡುತ್ತಿರಲಿಲ್ಲ. ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಜಾಗಗಳಲ್ಲಿ ಅದೂ ಒಂದು. 2018ರ ಜನವರಿಯಲ್ಲಿ ಮಿಶಿಗನ್‌ನ ಕೋರ್ಟಿನಲ್ಲಿ 150ಕ್ಕೂ ಹೆಚ್ಚು ಮಂದಿ ಒಬ್ಬೊಬ್ಬರಾಗಿ ಎದ್ದು ನಿಂತು ಮಾತಾಡಿದರು. ಅದೇ ತಿಂಗಳು ರ‍್ಯಾಂಚ್ ಜೊತೆಗಿನ ಸಂಬಂಧವನ್ನು ಅಮೆರಿಕದ ಜಿಮ್ನಾಸ್ಟಿಕ್ಸ್ ಫೆಡರೇಷನ್ ಕಡಿದುಕೊಂಡಿತು.

ಆ ವಾರ ನಾವಿಬ್ಬರೂ ರಾತ್ರಿ ಮಗಳು ಮಲಗಿದ ಮೇಲೆ ಆ ಮಾತುಗಳನ್ನು ಕೇಳುತ್ತಿದ್ದೆವು. ಕೆಲವರು ಜೊತೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಕರೆತಂದಿದ್ದರು. ನನ್ನ ಕಣ್ಣು ಅವರ ಮೇಲೇ ಇರುತ್ತಿತ್ತು. "ಬಿಡಿಸಿಬಿಡೋಣ" ಅಂದಳು ಹೆಂಡತಿ. ಬಿಡಿಸಿದೆವು ಕೂಡ, ಹತ್ತು ದಿನ. ಮಗಳು ದಿನಾ ಸಂಜೆ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತುಕೊಳ್ಳುತ್ತಿದ್ದಳು. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ಅವಳು ಜಿಮ್‌ನಲ್ಲಿ ಇರುವಷ್ಟು ಹೊತ್ತೂ ನಮ್ಮಲ್ಲಿ ಒಬ್ಬರು ನೋಡುತ್ತಾ ಕೂತಿರಬೇಕು. ಕೆಲಸ, ಮೀಟಿಂಗ್ ಎಲ್ಲ ಆ ಬೆಂಚಿನ ಮೇಲಿಂದಲೇ.

ಆ ಬೆಂಚೇ ಒಂದು ಸಲ ಅವಳ ಕಾಲು ಉಳಿಸಿತು. ಒಂಬತ್ತು ವರ್ಷದವಳಿದ್ದಾಗ ಹಿಮ್ಮಡಿ ನೋವು ಅನ್ನತೊಡಗಿದಳು. ಆಗಿನ ಕೋಚ್ "ಇಷ್ಟು ನೋವು ಇದ್ದೇ ಇರುತ್ತೆ, ಅಭ್ಯಾಸ ಆಗುತ್ತೆ" ಅಂದುಬಿಟ್ಟರು. ಹೆಂಡತಿ ಸುಮ್ನೆ ನೋಡುತ್ತಾ ಕೂತಳು. ಮೂರನೇ ದಿನ ಹಿಡಿದಳು: ಮಗಳು ಇಳಿಯುವಾಗ ಹಿಮ್ಮಡಿ ಊರುತ್ತಿಲ್ಲ, ಬರೀ ಬೆರಳ ಮೇಲೆ ಇಳಿಯುತ್ತಿದ್ದಾಳೆ. ಡಾಕ್ಟರು ನೋಡಿ, ಬೆಳೆಯುವ ಮಕ್ಕಳಿಗೆ ಹಿಮ್ಮಡಿಯ ಮೂಳೆ ಬೆಳೆಯುವ ಜಾಗದಲ್ಲಿ ಬರುವ ನೋವು ಇದು, ವಿಶ್ರಾಂತಿ ಕೊಡಲೇಬೇಕು ಅಂದರು. ಆರು ವಾರ ಬಿಡಿಸಿ, ಜಿಮ್ಮನ್ನೇ ಬದಲಾಯಿಸಿದೆವು. ಈಗಿನ ಕೋಚ್ ಅವಳಿಗೆ ಮೆಸೇಜ್ ಕಳಿಸಿದರೆ ಅದರಲ್ಲಿ ನಾವಿಬ್ಬರೂ ಇರುತ್ತೇವೆ. ನಾಸರ್ ಪ್ರಕರಣದ ನಂತರ ಬಿಗಿಯಾದ ನಿಯಮಗಳಲ್ಲಿ ಇದೂ ಒಂದು. ಯಾರಿಗಾದರೂ ಇದು ಅತಿ ಅನ್ನಿಸಿದರೆ ಅನ್ನಿಸಲಿ.

ಶನಿವಾರ ಬೆಳಗ್ಗೆ ಹಾಲ್ ತುಂಬಾ ಚಾಕ್ ಪುಡಿ, ಹೇರ್ ಸ್ಪ್ರೇ ವಾಸನೆ. ವಾಲ್ಟ್ ಮೊದಲೇ ಆಗಿಹೋಯಿತು, ಚೆನ್ನಾಗಿತ್ತು. ಎರಡನೆಯದು ಬಾರ್ಸ್, ಮೇಲೊಂದು ಕೆಳಗೊಂದು ಇರುವ ಎರಡು ಕಂಬಿ. ವಾರ್ಮ್‌ಅಪ್‌ನಲ್ಲೇ ಬಲ ಅಂಗೈಯ ಬೊಬ್ಬೆ ಒಡೆದು ಚರ್ಮ ಕಿತ್ತು ಬಂದಿತ್ತು. ಅವಳು ಅದನ್ನು ನಮಗೆ ತೋರಿಸಲಿಲ್ಲ. ಟೇಪ್ ಸುತ್ತಿಕೊಂಡು, ಮೇಲೆ ಗ್ರಿಪ್ ಹಾಕಿಕೊಂಡು ಹೋದಳು. ಇಳಿಯುವಾಗ ಒಂದು ಹೆಜ್ಜೆ ಹಿಂದಕ್ಕೆ ಬಿತ್ತು, ಅಷ್ಟೇ.

ಮೂರನೆಯದು ಬೀಮ್. ಐದು ಮೀಟರ್ ಉದ್ದ, ಅವಳ ಎದೆಮಟ್ಟ ಎತ್ತರ. ಅಗಲ 10 ಸೆಂಟಿಮೀಟರ್, ಅರ್ಧ ಗೇಣೂ ಇಲ್ಲ. 90 ಸೆಕೆಂಡಿನೊಳಗೆ ಮುಗಿಸಬೇಕು. ತೀರ್ಪುಗಾರರಿಗೆ ಕೈಯೆತ್ತಿ ನಮಸ್ಕರಿಸಿ ಹತ್ತಿದಳು. ನಾನು ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದೆ. ತಿರುಗಿದಳು, ನೆಗೆದಳು. ಬೀಮಿನ ತುದಿಗೆ ಹೋಗಿ ಬೆನ್ನು ಮಾಡಿ ನಿಂತಳು. ಮುಂದೆ ಅವಳ ರೊಟೀನಿನ ಎಲ್ಲಕ್ಕಿಂತ ಕಷ್ಟದ ಭಾಗ: ಹಿಂದಕ್ಕೆ ಕೈ ಊರಿ ಒಂದು ಲಾಗ, ಅದರ ಬೆನ್ನಿಗೇ ಕೈ ಊರದೆ ಇನ್ನೊಂದು. ಉಸಿರು ಎಳೆದುಕೊಂಡಳು. ಹೆಗಲು ಮೇಲೆದ್ದದ್ದು ಕಾಣಿಸಿತು.

ಧಪ್ ಅಂತ ಸದ್ದಾಯಿತು. ಸುತ್ತಲಿದ್ದವರೆಲ್ಲ ಉಸಿರು ಹಿಡಿದ ಸದ್ದು ಕೇಳಿಸಿತು. ಬಿದ್ದವರು ಹತ್ತು ಸೆಕೆಂಡಿನಲ್ಲಿ ಮತ್ತೆ ಬೀಮ್ ಹತ್ತಬೇಕು. ಹೆಂಡತಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಎದ್ದಳು" ಅಂದಳು. ಸ್ವಲ್ಪ ತಡೆದು "ಹತ್ತಿದಳು" ಅಂದಳು. ಆಮೇಲೆ ಕೊನೆಯವರೆಗೂ ಮಗಳು ಅಲುಗಲಿಲ್ಲ. ಬೀಮ್‌ನಿಂದ ಇಳಿದಾಗ ಪಾದಗಳು ಮ್ಯಾಟ್‌ಗೆ ಅಂಟಿಕೊಂಡ ಹಾಗೆ ನಿಂತವು. 11.70. ಕೋಚ್ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದರು, ಅವಳು ತಲೆಯಾಡಿಸಿದಳು. ಕೊನೆಯದಾದ ಫ್ಲೋರ್‌ಗೆ, ಅಂದರೆ ನೆಲದ ಮೇಲಿನ ಕಸರತ್ತಿಗೆ ಹೋದಾಗ ಮುಖದಲ್ಲಿ ನಗು ಇತ್ತು. ಆ ನಗು ಎಲ್ಲಿಂದ ತಂದಳು ಅಂತ ನನಗೆ ಈಗಲೂ ಆಶ್ಚರ್ಯ.

ನಾಲ್ಕೂ ಕೂಡಿಸಿದಾಗ ಬೇಕಿದ್ದ ಅಂಕಕ್ಕಿಂತ 0.35 ಜಾಸ್ತಿ ಬಂದಿತ್ತು. ಹಾಸನದಲ್ಲಿ ಅಷ್ಟು ಹೊತ್ತಾದರೂ ಅಮ್ಮ ಎಚ್ಚರವಾಗಿದ್ದಳು. "ಬಿದ್ಲಾ?" ಅಂತ ಮೊದಲು ಕೇಳಿದಳು. "ಬಿದ್ಲು, ಎದ್ಲು, ಆಯ್ತು" ಅಂದೆ. ಫೋನಿನಲ್ಲಿ ಅವಳು ಅಳುವುದು ಕೇಳಿಸಿತು.

ವಾಪಸ್ ಬರುವಾಗ ಮ್ಯಾಡಿಸನ್‌ವಿಲ್‌ನ ಬಕೀಸ್‌ನಲ್ಲಿ ಪೆಟ್ರೋಲ್ ಹಾಕಿಸಿ ಕಾರು ನಿಲ್ಲಿಸಿದೆವು. ಉಳಿದಿದ್ದ ಮೊಸರನ್ನವನ್ನು ಮಗಳು ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದಳು. ಬಲ ಅಂಗೈಗೆ ಅವರಮ್ಮ ಮುಲಾಮು ಹಚ್ಚಿ ಬಟ್ಟೆ ಸುತ್ತಿದ್ದಳು. ಬೀಮ್ ವಿಡಿಯೋ ಕೇಳಿದಳು, ಕೊಟ್ಟೆ. ನೋಡಿದಳು. ಹಿಂದಕ್ಕೆ ಎಳೆದು ಮತ್ತೆ ನೋಡಿದಳು.

"ಅಪ್ಪಾ, ನಾನು ಬಿದ್ದಿದ್ದೆಲ್ಲಿ?"

ಫೋನ್ ತೆಗೆದುಕೊಂಡು ನೋಡಿದೆ. ಅವಳ ಹೆಗಲು ಮೇಲೇಳುತ್ತದೆ. ಆಮೇಲೆ ಗ್ಯಾಲರಿಯ ಮೆಟ್ಟಿಲು, ನನ್ನ ಶೂ. ಮತ್ತೆ ಕ್ಯಾಮೆರಾ ಮೇಲೆ ಬರುವ ಹೊತ್ತಿಗೆ ಅವಳು ಬೀಮ್ ಮೇಲೆ ನಿಂತಿದ್ದಾಳೆ. ನಡುವಿನ ಹತ್ತು ಸೆಕೆಂಡು ಇಲ್ಲ. ಕೈ ಇಳಿದದ್ದು ನನಗೆ ಗೊತ್ತೇ ಆಗಿರಲಿಲ್ಲ. ಏಳು ವರ್ಷ ಆ ಬೆಂಚಿನ ಮೇಲೆ ಕಣ್ಣು ಕೀಳದೆ ಕೂತವನು ನಾನು.

"ನೋಡಕ್ಕಾಗ್ಲಿಲ್ಲ ಪುಟ್ಟಿ" ಅಂದೆ.

"ನಂಗೆ ಅದೇ ಬೇಕಿತ್ತು ಅಪ್ಪಾ. ಎಡಗೈ ಎಲ್ಲಿ ಇಟ್ಟೆ ಅಂತ ನೋಡ್ಬೇಕಿತ್ತು." ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. ಚಮಚ ಡಬ್ಬಿಯಲ್ಲಿಟ್ಟು, ಕೂಲರನ್ನು ತನ್ನ ಕಡೆ ಎಳೆದುಕೊಂಡಳು. "ಇಲ್ಲಿ ನೋಡು, ತೋರಿಸ್ತೀನಿ."

ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತೆ. ಕೂಲರ್ ಮುಚ್ಚಳದ ಅಂಚಿನ ಮೇಲೆ ಅವಳು ಎಡಗೈಯ ಎರಡು ಬೆರಳು ನಿಲ್ಲಿಸಿದಳು. ಬೆರಳುಗಳು ಹಿಂದಕ್ಕೆ ಒಂದು ಲಾಗ ಹಾಕಿದವು. ಇನ್ನೊಂದಕ್ಕೆ ಎದ್ದವು. ಒಂದು ಬೆರಳು ಅಂಚು ತಪ್ಪಿ ಸೀಟಿನ ಮೇಲೆ ಬಿತ್ತು. ಅವಳು ಮೆಲ್ಲಗೆ ಎಣಿಸತೊಡಗಿದಳು, ಒಂದು, ಎರಡು, ಮೂರು. ಏಳಕ್ಕೆ ಬೆರಳುಗಳು ಮತ್ತೆ ಮುಚ್ಚಳ ಹತ್ತಿದವು.