ದೊಡ್ಡ ಡಿಸ್ಕ್ ಕೂರಿಸಲು ಬೇಕಾದ ಬ್ರಾಕೆಟ್ ಮತ್ತು ಹ್ಯಾಟ್

ಕಾರಿನ ಬ್ರೇಕಿಗೆ ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ (ಬ್ರೇಕ್ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಕೂರಿಸಬೇಕೆಂದರೆ ಎರಡು ಭಾಗಗಳನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ. ಒಂದು, ನಕಲ್‌ಗೂ (ಹಬ್ಬನ್ನು ಹೊತ್ತು ಸ್ಟೀರಿಂಗ್ ಜೊತೆ ತಿರುಗುವ ಭಾಗ) ಕ್ಯಾಲಿಪರ್‌ಗೂ ನಡುವಿನ ಬ್ರಾಕೆಟ್. ಇನ್ನೊಂದು, ಚಕ್ರ ಕೂರುವ ಹಬ್ಬಿಗೂ ಡಿಸ್ಕಿನ ಬೀಡುಕಬ್ಬಿಣದ ರಿಂಗಿಗೂ ನಡುವೆ ಕೂರುವ ಹ್ಯಾಟ್. ಇವೆರಡರ ಸ್ವಭಾವ ತದ್ವಿರುದ್ಧ. ಬ್ರಾಕೆಟ್ ಒಂದಿಷ್ಟೂ ಅಲುಗಬಾರದು. ಹ್ಯಾಟ್ ಮಾತ್ರ ರಿಂಗ್ ಬಿಸಿಯಾಗಿ ಹಿಗ್ಗಲು ಜಾಗ ಬಿಟ್ಟುಕೊಡಬೇಕು. ತುಂಬ ಮಂದಿ ಬ್ರಾಕೆಟ್ ಬಗ್ಗೆ ತಲೆ ಕೆಡಿಸಿಕೊಂಡು, ಹ್ಯಾಟಿಗೆ ಸುಮ್ಮನೆ ಬೋಲ್ಟ್ ಹಾಕಿ ಬಿಗಿದುಬಿಡುತ್ತಾರೆ.

ಅಳತೆ ಚಕ್ರದಿಂದ ಶುರುವಾಗಲಿ. ಹೊಸ ಕ್ಯಾಲಿಪರಿನ ಹೊರ ಆಕಾರಕ್ಕೆ ದಪ್ಪ ರಟ್ಟನ್ನೋ ಪ್ಲೈವುಡ್ಡನ್ನೋ ಕತ್ತರಿಸಿ, ಅದು ಕೂರುವ ಜಾಗದಲ್ಲೇ ಕಟ್ಟಿ, ಚಕ್ರ ಹಾಕಿ ಒಂದು ಪೂರ್ತಿ ಸುತ್ತು ತಿರುಗಿಸಿ. ರಿಮ್ಮಿನ ಒಳಮೈಯಿಂದಲೂ ಕಡ್ಡಿಗಳಿಂದಲೂ ಈ ಅಚ್ಚಿಗೆ ಕನಿಷ್ಠ 3 ಮಿ.ಮೀ. ಸಂದು ಬೇಕು. ರಿಮ್ಮಿನೊಳಗೆ ಅಂಟಿಸುವ ಬ್ಯಾಲೆನ್ಸಿಂಗ್ ತೂಕಗಳ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ, ಅದನ್ನು ಮರೆಯುವವರೇ ಹೆಚ್ಚು.

ಆಮೇಲೆ ಹಬ್. ಚಕ್ರ ಬಿಗಿಯುವ ಸ್ಟಡ್‌ಗಳು ಐದಿದ್ದರೆ ಎದುರು ಬದುರು ಅಳೆಯಲು ಬರುವುದಿಲ್ಲ. ಪಕ್ಕಪಕ್ಕದ ಎರಡು ಸ್ಟಡ್‌ಗಳ ಹೊರ ಅಂಚುಗಳನ್ನು ವರ್ನಿಯರಿನಲ್ಲಿ ಹಿಡಿದು, ಬಂದ ಅಳತೆಯಿಂದ ಒಂದು ಸ್ಟಡ್ಡಿನ ವ್ಯಾಸ ಕಳೆದು, ಉಳಿದದ್ದನ್ನು 1.701ರಿಂದ ಗುಣಿಸಿ. 67.2 ಮಿ.ಮೀ. ಬಂದರೆ ಸ್ಟಡ್ ವೃತ್ತ 114.3. ಆದರೆ ಹ್ಯಾಟಿನ ಕೇಂದ್ರವನ್ನು ಹಿಡಿಯಬೇಕಾದದ್ದು ಸ್ಟಡ್‌ಗಳಲ್ಲ, ಹಬ್ಬಿನ ನಡುವಿನ ಉಬ್ಬು. ಅಲ್ಲಿ 0.05 ಮಿ.ಮೀ.ಗಿಂತ ಹೆಚ್ಚು ಸಡಿಲ ಇಡಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಅಳತೆ, ಡಿಸ್ಕ್ ಒರಗುವ ಹಬ್ಬಿನ ಮೈಯಿಂದ ನಕಲ್ಲಿನಲ್ಲಿ ಬ್ರಾಕೆಟ್ ಬಿಗಿಯುವ ಬೋಲ್ಟ್ ಕಿವಿಯ ಮೈವರೆಗಿನ ದೂರ. ಹಬ್ಬಿನ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು, ಡೆಪ್ತ್ ಗೇಜಿನಲ್ಲಿ ಎರಡೂ ಕಿವಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಎರಡೂ ಒಂದೇ ಮಟ್ಟದಲ್ಲಿರುತ್ತವೆ ಎಂದು ನಂಬಬೇಡಿ. ಬ್ರಾಕೆಟ್ಟಿನ ಮೆಟ್ಟಿಲನ್ನು (ಅದರ ಎರಡು ಕೂಡುವ ಮೈಗಳ ನಡುವಿನ ಮಟ್ಟದ ಅಂತರ) ಬೇಕಂತಲೇ 0.5ರಿಂದ 1 ಮಿ.ಮೀ. ಕಡಿಮೆ ಇಟ್ಟು, ಉಕ್ಕಿನ ಶಿಮ್‌ಗಳಿಂದ (ತೆಳು ಬಿಲ್ಲೆಗಳಿಂದ) ಸರಿದೂಗಿಸುವುದು ಜಾಣತನ. ಕೊರತೆಯನ್ನು ತುಂಬಬಹುದು, ಹೆಚ್ಚಾದದ್ದಕ್ಕೆ ಮತ್ತೆ ಮಿಲ್ಲಿಂಗ್‌ಗೇ ಹೋಗಬೇಕು. ಪ್ಯಾಡಿನ ಮೇಲಂಚು ಡಿಸ್ಕಿನ ಅಂಚಿಗೆ ಸಮವಾಗಿರಲಿ, ಇಲ್ಲವೇ ಅರ್ಧ ಮಿ.ಮೀ. ಒಳಗಿರಲಿ. ಹೊರಗೆ ಚಾಚಿದರೆ ಸವೆಯದ ತುಟಿಯೊಂದು ಉಳಿಯುತ್ತದೆ, ಪ್ಯಾಡ್ ತೆಳುವಾದಂತೆ ಆ ತುಟಿ ಡಿಸ್ಕಿನ ಅಂಚಿಗೆ ತಗುಲತೊಡಗುತ್ತದೆ.

ಈಗ ಬಲದ ಲೆಕ್ಕ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಮುಂದಿನ ಒಂದು ಚಕ್ರದ ಮೇಲೆ 500 ಕೆ.ಜಿ. ಭಾರ, ಟೈರಿನ ತ್ರಿಜ್ಯ 300 ಮಿ.ಮೀ., ರಸ್ತೆಯ ಮೇಲೆ ಟೈರಿನ ಹಿಡಿತ (ಘರ್ಷಣಾಂಕ) 1.0 ಎಂದುಕೊಳ್ಳಿ. ತಿರುಚುಬಲ ಸುಮಾರು 1,470 ನ್ಯೂಟನ್ ಮೀಟರ್. ಪ್ಯಾಡಿನ ನಡುಭಾಗ ಕೇಂದ್ರದಿಂದ 130 ಮಿ.ಮೀ. ದೂರವಿದ್ದರೆ ಕ್ಯಾಲಿಪರನ್ನು ಎಳೆಯುವ ಬಲ 11,300 ನ್ಯೂಟನ್, ಅಂದರೆ ಒಂದು ಟನ್ನಿಗೂ ಮೇಲೆ. ಇದನ್ನು ತಡೆಯಬೇಕಾದದ್ದು ಬೋಲ್ಟಿನ ಕತ್ತಲ್ಲ, ಬಿಗಿದ ಎರಡು ಮೈಗಳ ನಡುವಿನ ಘರ್ಷಣೆ. 10.9 ದರ್ಜೆಯ ಎಂ12 ಬೋಲ್ಟೊಂದು ಸರಿಯಾಗಿ ಬಿಗಿದರೆ ಸುಮಾರು 50 ಕಿಲೋನ್ಯೂಟನ್ ಒತ್ತುತ್ತದೆ. ಘರ್ಷಣಾಂಕ 0.15 ಎಂದರೆ ಎರಡು ಬೋಲ್ಟಿಗೆ 15,000 ನ್ಯೂಟನ್. ಸಾಕು, ಆದರೆ ಧಾರಾಳವೇನಲ್ಲ. ಹಾಗಾಗಿ ಕೂಡುವ ಮೈಗಳ ಮೇಲೆ ಪೇಂಟ್, ಪೌಡರ್ ಕೋಟಿಂಗ್, ಗ್ರೀಸ್ ಯಾವುದೂ ಇರಕೂಡದು. ಪೇಂಟ್ ಬಿಸಿಗೆ ಮೆತ್ತಗಾಗಿ ಹಿಂಡಿಹೋದರೆ ಬೋಲ್ಟಿನ ಬಿಗಿ ಅಷ್ಟಕ್ಕಷ್ಟೇ ಇಳಿಯುತ್ತದೆ.

ಬ್ರಾಕೆಟ್ಟಿಗೆ 6061-ಟಿ6 ಅಲ್ಯೂಮಿನಿಯಂ ಅಥವಾ ಮೆದು ಉಕ್ಕು, ಎರಡೂ ನಡೆಯುತ್ತವೆ. ಅಲ್ಯೂಮಿನಿಯಂನ ಬಿಗುವು ಉಕ್ಕಿನ ಮೂರನೇ ಒಂದು ಭಾಗ ಮಾತ್ರ. ಬಾಗುವಿಕೆ ದಪ್ಪದ ಘನದ ಮೇಲೆ ನಿಂತಿರುವುದರಿಂದ 10 ಮಿ.ಮೀ. ಉಕ್ಕಿನ ತಟ್ಟೆಗೆ ಸಾಟಿಯಾಗಲು 14.5 ಮಿ.ಮೀ. ಅಲ್ಯೂಮಿನಿಯಂ ಬೇಕು. ಜಾಗ ಇಕ್ಕಟ್ಟಾಗಿದ್ದರೆ ಉಕ್ಕೇ ಮೇಲು ಎಂಬುದು ನನ್ನ ಅಭಿಪ್ರಾಯ. ಒಳಮೂಲೆಗಳಿಗೆ ಕನಿಷ್ಠ 5 ಮಿ.ಮೀ. ತ್ರಿಜ್ಯದ ದುಂಡು ಕೊಡಿ, ಬಿರುಕು ಹುಟ್ಟುವುದು ಚೂಪು ಮೂಲೆಯಲ್ಲೇ. ಪ್ಲಾಸ್ಮಾದಲ್ಲಿ ಕತ್ತರಿಸಿದ ಉಕ್ಕಿನ ಅಂಚು ಗಡುಸಾಗಿ, ಮರೆ (ಥ್ರೆಡ್) ಕೊರೆಯುವ ಟ್ಯಾಪ್ ಮುರಿಯುತ್ತದೆ. ತೂತುಗಳನ್ನು ಡ್ರಿಲ್ ಮಾಡಿ ರೀಮರ್ ಹೊಡೆಯುವುದೇ ಸರಿ. ಅಲ್ಯೂಮಿನಿಯಂನಲ್ಲಿ ಮರೆ ಕೊರೆಯುವುದಾದರೆ ಎಂ12ಕ್ಕೆ 18ರಿಂದ 24 ಮಿ.ಮೀ. ಆಳ ಬೇಕು, ಜೊತೆಗೆ ಉಕ್ಕಿನ ಸುರುಳಿ ಇನ್ಸರ್ಟ್. ಎರಡು ತುಂಡುಗಳನ್ನು ವೆಲ್ಡ್ ಮಾಡಿ ಸೇರಿಸಿ ಬ್ರಾಕೆಟ್ ಮಾಡುವ ಯೋಚನೆಯನ್ನೇ ಬಿಡಿ.

ಹ್ಯಾಟಿನ ವಿಷಯ ಇದಕ್ಕಿಂತ ಸೂಕ್ಷ್ಮ. ರಿಂಗನ್ನು ಹಿಡಿಯುವ ಬೋಲ್ಟ್ ವೃತ್ತ 190 ಮಿ.ಮೀ. ಇದೆ ಅನ್ನಿ. ರಿಂಗ್ 500 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಆ ವೃತ್ತ ಸುಮಾರು 1 ಮಿ.ಮೀ. ಹಿಗ್ಗುತ್ತದೆ. ಅಲ್ಯೂಮಿನಿಯಂ ಹ್ಯಾಟ್ 150 ಡಿಗ್ರಿಯಲ್ಲಿದ್ದರೆ 0.57 ಮಿ.ಮೀ. ಮಾತ್ರ. ಉಳಿದ 0.4 ಮಿ.ಮೀ.ಗೆ ದಾರಿ ಬಿಡದೆ ಬಿಗಿದರೆ ರಿಂಗ್ ತಟ್ಟೆಯಂತೆ ಇರುವುದು ಬಿಟ್ಟು ಬಟ್ಟಲಿನಂತೆ ಬಾಗುತ್ತದೆ, ಪ್ಯಾಡ್‌ಗಳು ಓರೆಯಾಗಿ ಸವೆಯುತ್ತವೆ.

ಅದಕ್ಕೆ ಬಾಬಿನ್, ಅಂದರೆ ರಿಂಗನ್ನು ಹಿಡಿಯುವ ಬೋಲ್ಟ್ ಹಾದುಹೋಗುವ ಪುಟ್ಟ ಉರುಳೆ. ಹ್ಯಾಟಿನ ಅಂಚಿನಲ್ಲಿ ಕೇಂದ್ರದಿಂದ ಹೊರಮುಖವಾಗಿ ಹತ್ತು ಸೀಳುಗಳು, ಪ್ರತಿಯೊಂದರಲ್ಲೂ ಎರಡು ಬದಿ ಚಪ್ಪಟೆಯಿರುವ ಉಕ್ಕಿನ ಬಾಬಿನ್. ಸೀಳಿನ ಉದ್ದಕ್ಕೆ 0.5 ಮಿ.ಮೀ. ಸಡಿಲ, ಅಗಲಕ್ಕೆ 0.05 ಮಾತ್ರ, ಡಿಸ್ಕಿನ ದಪ್ಪದ ದಿಕ್ಕಿಗೆ 0.1ರಿಂದ 0.2. ಪ್ರತಿ ಬಾಬಿನ್ ತನ್ನ ಸೀಳಿನ ಗೆರೆಯಲ್ಲಷ್ಟೇ ಸರಿಯಬಲ್ಲದು, ಹಾಗಾಗಿ ಹತ್ತೂ ಸೇರಿ ರಿಂಗನ್ನು ಕೇಂದ್ರದಲ್ಲೇ ಹಿಡಿದಿರುತ್ತವೆ. ದುಂಡು ಪಿನ್ ಹಾಕಿದರೆ ಬಲವೆಲ್ಲ ಒಂದು ಗೆರೆಯ ಮೇಲೆ ಬಿದ್ದು ಅಲ್ಯೂಮಿನಿಯಂ ಗುಳಿ ಬೀಳುತ್ತದೆ. 10 ಮಿ.ಮೀ. ಚಪ್ಪಟೆ ಮೈ, 6 ಮಿ.ಮೀ. ದಪ್ಪದ ಅಂಚು ಇದ್ದರೆ, ಅರ್ಧ ಬಾಬಿನ್‌ಗಳೇ ಭಾರ ಹೊತ್ತರೂ ಒತ್ತಡ ಸುಮಾರು 52 ಮೆಗಾಪ್ಯಾಸ್ಕಲ್ಲಿಗೆ ನಿಲ್ಲುತ್ತದೆ. ರಸ್ತೆಯ ಕಾರಾದರೆ ಅಲೆಯಂತೆ ಬಾಗಿದ ವಾಷರ್ ಹಾಕಿ, ಗಲಗಲ ಸದ್ದು ನಿಲ್ಲುತ್ತದೆ. ನೈಲಾನ್ ನಟ್ ಇಲ್ಲಿ ಬೇಡವೇ ಬೇಡ, ಬಿಸಿಗೆ ನೈಲಾನ್ ಮೆತ್ತಗಾಗಿ ಹಿಡಿತ ಬಿಡುತ್ತದೆ. ಪೂರ್ತಿ ಲೋಹದ ಲಾಕ್‌ನಟ್ ಅಥವಾ ತಂತಿ ಕಟ್ಟುವ ಬೋಲ್ಟ್ ಬಳಸಿ.

ಜೋಡಿಸಿದ ಮೇಲೆ ಡಿಸ್ಕಿನ ಮೈಗೆ ಡಯಲ್ ಗೇಜ್ ಇಟ್ಟು ತಿರುಗಿಸಿ. ಓಲಾಟ 0.05 ಮಿ.ಮೀ. ದಾಟಿದರೆ ಮೊದಲು ಹಬ್ಬಿನ ಮೇಲಿನ ತುಕ್ಕನ್ನು ಕೆರೆದು ಮತ್ತೆ ನೋಡಿ, ಬಹಳ ಸಲ ತಪ್ಪು ಅಲ್ಲಿರುತ್ತದೆ. ಬಳಿಕ ಗೇಜನ್ನು ಕ್ಯಾಲಿಪರಿಗೆ ತಾಗಿಸಿ, ಇನ್ನೊಬ್ಬರಿಂದ ಪೆಡಲ್ ಜೋರಾಗಿ ಒತ್ತಿಸಿ, ಕ್ಯಾಲಿಪರ್ ಎಷ್ಟು ಅಲುಗುತ್ತದೆ ನೋಡಿ. ಹಳೆಯ ಕ್ಯಾಲಿಪರನ್ನು ಬಿಚ್ಚುವ ಮುಂಚೆಯೇ ಇದೇ ಪರೀಕ್ಷೆ ಮಾಡಿ ಬರೆದಿಟ್ಟುಕೊಂಡಿದ್ದರೆ ಹೋಲಿಸಲು ಒಂದು ಆಧಾರ ಸಿಗುತ್ತದೆ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ಎಳೆಯುತ್ತಿದೆಯೇ, ಎಲ್ಲಾದರೂ ತಿಕ್ಕುತ್ತಿದೆಯೇ ನೋಡಿ. ಗಾಳಿ ತೆಗೆಯುವ ನಿಪ್ಪಲ್ ಮೇಲ್ಮುಖವಾಗಿರಬೇಕು. ಎಡ ಬಲ ಕ್ಯಾಲಿಪರ್ ಅದಲು ಬದಲಾದರೆ ಅದು ಕೆಳಗೆ ಬಂದು, ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಸ್ಪಂಜಿನಂತೇ ಇರುತ್ತದೆ.

ಪ್ರತಿ ಬೋಲ್ಟಿನ ತಲೆಗೂ ಬ್ರಾಕೆಟ್ಟಿಗೂ ಸೇರಿಸಿ ಪೇಂಟಿನ ಗೆರೆ ಎಳೆಯಿರಿ. 100 ಕಿ.ಮೀ. ಓಡಿದ ಮೇಲೆ ಚಕ್ರ ಬಿಚ್ಚಿ ಗೆರೆ ಮುರಿದಿದೆಯೇ ನೋಡಿ. ಹ್ಯಾಟಿನ ಸೀಳುಗಳ ಪಕ್ಕವನ್ನು ಉಗುರಿನಿಂದ ಸವರಿ, ಮೆಟ್ಟಿಲು ಸಿಕ್ಕಿದರೆ ಬಾಬಿನ್ ಅಲ್ಯೂಮಿನಿಯಂಗೆ ಬಡಿಯುತ್ತಿದೆ ಎಂದರ್ಥ. ಅಗಲದ ಸಡಿಲ ಹೆಚ್ಚಾಗಿದೆ, ಆ ಹ್ಯಾಟನ್ನು ತೆಗೆದು ಹೊಸದು ಮಾಡಿ.